ಚಪ್ಪಲಿ ಮೆಟ್ಟಿದ ಮೇಲಿನ ಮಾತು

ನಮ್ಮ ಕಡೆ ಯಾರೂ ಬಂದ ವಿಷಯವನ್ನು ಕುಳಿತು ಹೇಳುವುದಿಲ್ಲ. ಆ ದಿನ ಬೆಳಿಗ್ಗೆ ಜಗಳೂರಿನ ಬೀಗರು ನ್ಯಾಮತಿಯ ನಮ್ಮ ಮನೆಗೆ ಬಂದರು. ಉಪ್ಪಿಟ್ಟು ತಿಂದು, ಚಹಾ ಕುಡಿದು, ಬಿಸಿಲು, ಮೊಣಕಾಲು, ಬಸ್ಸಿನ ರಶ್ಶು ಇವನ್ನೆಲ್ಲ ಸವಿಸ್ತಾರವಾಗಿ ಚರ್ಚಿಸಿ, ಎದ್ದು ಚಪ್ಪಲಿ ಮೆಟ್ಟಿದ ಮೇಲೆ, "ಅಂದಂಗೆ, ನಮ್ಮ ಚಿಕ್ಕೋನಿಗೆ ಹೊನ್ನಾಳಿ ಕಡೆ ಹೆಣ್ಣು ಗೊತ್ತಾತು" ಎಂದರು. ಆಮೇಲೆ ಗೇಟಿನ ಬಳಿ ನಿಂತು ಆಡಿದ ಮಾತು, ಒಳಗೆ ಕುಳಿತು ಆಡಿದ್ದಕ್ಕಿಂತ ಹೆಚ್ಚಾಯಿತು.

ಅವರು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ ನಮ್ಮ ಮನೆಯವರು, ಸಂಜೆ ಮಂಡಕ್ಕಿ ತರಲು ಹೊರಟಾಗ ತಾವೂ ಅದನ್ನೇ ಮಾಡಿದರು. ಚಪ್ಪಲಿ ಮೆಟ್ಟಿ, "ಗಿರಿಜಾ, ನಿನಗೊಂದು ವಿಷ್ಯ ಹೇಳೋದೈತೆ" ಎಂದರು.

"ಹೇಳ್ರಿ" ಎಂದೆ.

"ಒಗ್ಗರಣೆ ಸೀಯ್ತೈತೆ, ನೋಡ್ಕ. ಬಂದು ಹೇಳ್ತೀನಿ."

ಮಂಡಕ್ಕಿ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು.

ಇಂಥ ಅರ್ಧ ಮಾತನ್ನು ತಾಳಿಕೊಳ್ಳುವುದು ಹೇಗೆಂದು ಸೈನಿಕರಿಗೆ ಕಲಿಸುವ ಪಾಠವೊಂದನ್ನು ಕಟ್ಟಿಕೊಟ್ಟವರು ನಮ್ಮವರೇ ಎಂದರೆ ನೀವು ನಂಬುವುದು ಕಷ್ಟ. ಅವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಯುದ್ಧದ ಒತ್ತಡ ತಡೆಯುವ ತರಬೇತಿಗೆ ವರ್ಚುವಲ್ ರಿಯಾಲಿಟಿ ತಯಾರಿಸುವ ಕಂಪನಿಯೊಂದರಿಂದ ಚೈತ್ರಾ ಎಂಬ ಹುಡುಗಿ, ಅನುಭವಸ್ಥರ ಸಲಹೆ ಬೇಕೆಂದು ಅವರನ್ನು ಹುಡುಕಿಕೊಂಡು ಬಂದಿದ್ದಳು. ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿ, ಅದರೊಳಗೆ ಒಂದು ಯುದ್ಧ, ನಾಡಿ ಎಣಿಸಲು ಮುಂಗೈಗೆ ಒಂದು ಪಟ್ಟಿ. ನಮ್ಮ ನಡುಮನೆಯಲ್ಲೇ ಯುದ್ಧಾರಂಭವಾಯಿತು. ಗುಂಡು ಹಾರಿತು, ಬಾಂಬು ಬಿತ್ತು. ನಮ್ಮವರ ನಾಡಿ ಉಂಡು ಮಲಗಿದವರ ನಾಡಿಯಂತೆ ನಿಧಾನವಾಗಿ ನಡೆಯುತ್ತಿತ್ತು. ಅದೇ ಹೊತ್ತಿಗೆ ನಾನು ಅಡುಗೆಮನೆಯಿಂದ, "ರೀ, ಮೋಟ್ರು ಆಫ್ ಮಾಡಿದ್ರಾ?" ಎಂದು ಕೂಗಿದೆ. ನಾಡಿ ನೆಗೆಯಿತು.

ಚೈತ್ರಾ ಲ್ಯಾಪ್‌ಟಾಪ್ ನೋಡಿ, "ಆಂಟಿ, ಬಾಂಬಿಗಿಂತ ನೀವೇ ಜಾಸ್ತಿ!" ಎಂದಳು. ನನ್ನ ದಾಂಪತ್ಯದ ಬಗ್ಗೆ ವಿಜ್ಞಾನ ಕೊಟ್ಟ ಏಕೈಕ ಪ್ರಮಾಣಪತ್ರ ಅದು.

ಆದರೆ ನಮ್ಮವರು ನಗಲಿಲ್ಲ. "ಗುಂಡು ಹಾರುವಾಗ ಕೈಗೆ ಕೆಲ್ಸ ಇರ್ತೈತಮ್ಮ, ಹೆದರಾಕೆ ಪುರುಸೊತ್ತೆಲ್ಲಿ? ಮನೀಗೆ ಫೋನ್ ಮಾಡಿರ್ತೀವಲ್ಲ, ಅದು ಕಷ್ಟ. ಇಡ್ತೀನಿ ಅಂದ ಮೇಲೆ ಇವಳು, 'ಅಂದಂಗೆ ರೀ, ಇನ್ನೊಂದು ವಿಷ್ಯ' ಅಂತಾಳೆ. ಲೈನ್ ಕಟ್! ಆಮೇಲೆ ಗುಡ್ಡದ ಮೇಲೆ ಬಂದೂಕು ಹಿಡ್ಕಂಡು ನಿಂತ್ರೂ ತಲೆಯಾಗೆ ಅದೇ. ಮಗೂಗೆ ಜ್ವರಾನಾ? ಅವ್ವ ಬಿದ್ಲಾ? ಒಂದ್ಸಲ ವಾರಗಟ್ಲೆ ಒದ್ದಾಡಿ ಫೋನ್ ಸಿಕ್ಕಾಗ ಕೇಳಿದ್ರೆ, ಹಿತ್ತಲ ನುಗ್ಗೆ ಹೂ ಬಿಟ್ಟೈತೆ ಅಂದ್ಲು."

ಹಾಗೆ ಆ ಡಬ್ಬಿಯ ಯುದ್ಧದೊಳಕ್ಕೆ ಒಂದು ಫೋನ್ ಕರೆ ಸೇರಿತು. ಕಾದಾಟ ಶುರುವಾಗುವ ಮುನ್ನ ಹೆಂಡತಿಯ ಕರೆ ಬಂದು, ಮಾತು ಮಧ್ಯದಲ್ಲಿ ಕಡಿಯಬೇಕು. ಸೈನಿಕ ಆ ತಳಮಳದಲ್ಲೇ ಗಾಯಗೊಂಡ ಜೊತೆಗಾರನಿಗೆ ಪಟ್ಟಿ ಕಟ್ಟಬೇಕು. ಕರೆಯ ದನಿ ನನ್ನದೇ ಆಗಬೇಕೆಂದಾಯಿತು. ಓದಲು ಕೊಟ್ಟ ಹಾಳೆಯಲ್ಲಿ, "ಪ್ರಿಯರೇ, ತಾವು ಕ್ಷೇಮವೇ?" ಎಂದಿತ್ತು. "ಇವಳು ಹಿಂಗೆ ಮಾತಾಡಿದ್ರೆ ರಾಂಗ್ ನಂಬರ್ ಅಂತ ಇಟ್ಬಿಡ್ತೀನಿ" ಎಂದರು ನಮ್ಮವರು. ಹಾಳೆ ಬಿಟ್ಟು ನನ್ನಂತೆಯೇ ಗದರಿ, ಕೊನೆಗೆ "ಅಂದಂಗೆ ರೀ, ಇನ್ನೊಂದು ವಿಷ್ಯ" ಎಂದು ನಿಲ್ಲಿಸಿದೆ.

ಮೊದಲ ಪರೀಕ್ಷೆಗೆ ಒಳಗಾದವನು ಕತ್ತಲಗೆರೆಯಿಂದ ಬಂದಿದ್ದ ನಮ್ಮ ಅಣ್ಣ. "ಚನ್ನಗಿರಿ ತಾಲ್ಲೂಕಿನಾಗೆ ನಾನು ಹೆದರಿದ್ದು ನೋಡಿದೋರು ಇಲ್ಲ" ಎನ್ನುತ್ತ ಡಬ್ಬಿ ಕಟ್ಟಿಕೊಂಡವನು, ಮೊದಲ ಗುಂಡಿಗೇ ಮಂಚದ ಕೆಳಗೆ ಸೇರಿದ. ಕರೆಯಲ್ಲಿ ಗದರಿದ ನನ್ನ ದನಿ ಇನ್ನೂ ಕಿವಿಯಲ್ಲಿತ್ತೇನೋ, ಅಲ್ಲಿಂದಲೇ, "ತಂಗ್ಯವ್ವ, ನಾನೇನೂ ಮಾಡಿಲ್ಲ!" ಎಂದು ಕೂಗಿದ. ನಮ್ಮವರು ಅಂದು ನಕ್ಕಷ್ಟು ಮತ್ತೆಂದೂ ನಕ್ಕಿದ್ದನ್ನು ನಾನು ಕಾಣೆ.

ನಮ್ಮವರು ತೀರಿಹೋದ ಮೇಲೆ ಚೈತ್ರಾ ನನ್ನನ್ನು ಮಾತನಾಡಿಸಲು ಬಂದಿದ್ದಳು. ತರಬೇತಿಯ ಹುಡುಗರೆಲ್ಲ ಡಬ್ಬಿ ಬಿಚ್ಚಿದ ಕೂಡಲೇ ಕೇಳುವ ಪ್ರಶ್ನೆ ಒಂದೇ ಅಂತೆ: "ಮೇಡಂ, ಆ ಇನ್ನೊಂದು ವಿಷಯ ಏನು?" ಹೇಳುವುದಿಲ್ಲವಂತೆ. ಹಾಗೆಂದು ನಮ್ಮವರೇ ಗೊತ್ತುಮಾಡಿದ್ದರು. "ಅದನ್ನ ಅಂಕಲ್ ಯಾವತ್ತೂ ಹೇಳಬಾರದು ಅಂದಿದ್ರು ಆಂಟಿ. ಗೊತ್ತಾಗದೇ ಇದ್ದರೂ ಕೈ ಕೆಲಸ ಬಿಡಬಾರದು, ಅದೇ ಪಾಠ ಅಂತ." ನಾನು ತಲೆಯಾಡಿಸಿ ಅವಳಿಗೆ ಮಂಡಕ್ಕಿ ಕಲೆಸಿಕೊಟ್ಟೆ. ಕೈ ಕೆಲಸ ಬಿಟ್ಟಿಲ್ಲ. ಆ ಮಟ್ಟಿಗೆ ನಾನೂ ಪಾಸು.

ಈಗ ಮಾತ್ರ ನಮ್ಮ ಮನೆಯಲ್ಲಿ ಒಂದು ಹೊಸ ಕಾನೂನು ಬಂದಿದೆ. ಮೊನ್ನೆ ಬೀಗರು ಲಗ್ನಪತ್ರಿಕೆ ಕೊಡಲು ಬಂದವರು ಎದ್ದು ಬಾಗಿಲ ಕಡೆ ಹೊರಟಾಗ, ಅಡ್ಡ ನಿಂತು, "ಏನಿದ್ರೂ ಇಲ್ಲೇ ಕೂತು ಹೇಳಿ ಹೋಗ್ರಿ" ಎಂದೆ. ಪಾಪ, ಇಬ್ಬರೂ ಗಾಬರಿಯಾಗಿ ಮತ್ತೆ ಕುಳಿತು, ಬಹಳ ಯೋಚಿಸಿ, "ಏನೂ ಇಲ್ಲ ಬೀಗ್ತಿ" ಎಂದರು. ಚಪ್ಪಲಿ ಮೆಟ್ಟಿದ ಮೇಲೆ, ಅವರಿಗೆ ಮೂರು ವಿಷಯ ನೆನಪಾಯಿತು.

ನಮ್ಮವರ ವಿಷಯವೂ ನುಗ್ಗೆಯ ಹೂವಿನಂಥದ್ದೇ ಇದ್ದೀತು. "ಬಂದು ಹೇಳ್ತೀನಿ" ಎನ್ನುವಾಗ ಅವರ ಮುಖದಲ್ಲಿ ನಗುವಿತ್ತು. ಏನದು ಎಂದು ನನಗೆ ಗೊತ್ತಿಲ್ಲ.