ಹನ್ನೆರಡೂಕಾಲಿನ ಗೀರು

ಅಕ್ಕನ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ಗೋರಂಟಿಯಲ್ಲ, ಕೆಂಪು ಪೆನ್ಸಿಲಿನ ಪುಡಿ. ಮುದ್ದೆ ಮುರಿಯುವಾಗಲೂ ಅದು ಹಾಗೇ ಇರುತ್ತಿತ್ತು. "ಕೈ ತೊಳ್ಕೊಂಡು ಕೂತ್ಕೊಳ್ಳೇ" ಎಂದು ಅವ್ವ ಗದರಿದರೆ, "ತೊಳ್ದಿದೀನಿ ಕಣವ್ವಾ, ಇದು ಆಫೀಸಿನ ಬಣ್ಣ" ಎನ್ನುತ್ತಿದ್ದಳು.

ಆಫೀಸು ಎಂದರೆ ಮಾಕಳಿದುರ್ಗದ ಬೆಟ್ಟ ಕಾಣುವ ಬಯಲಿನಲ್ಲಿದ್ದ ವೀಕ್ಷಣಾಲಯ. ಸಾಲಾಗಿ ಕಂಬ ನೆಟ್ಟು ತಂತಿ ಎಳೆದಿದ್ದರು. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುತ್ತಾರೆ ಎಂದು ಅಕ್ಕ ಹೇಳಿದಾಗ ನಾನು, "ಏನು, ಹಾಡು ಹೇಳ್ತಾನಾ?" ಎಂದಿದ್ದೆ. "ಇಲ್ಲ ಕಣೋ, ಬರೀ ಸೊರ್ ಅಂತಾನೆ" ಎಂದು ನಕ್ಕಿದ್ದಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅವಳು ಪಿಯುಸಿ ಪಾಸಾಗಿ, ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ಕಲಿತು ಅಲ್ಲಿ ದಿನಗೂಲಿಗೆ ಸೇರಿದ್ದಳು. ಕೆಲಸ ಖಾಯಂ ಆಗುತ್ತದೆ ಎಂದು ಅಲ್ಲಿನ ಸಾಹೇಬರು ಹೇಳಿದ್ದರು. ಮನೆಯಲ್ಲಿ ಎಲ್ಲರೂ ಆ ಒಂದು ಕಾಗದಕ್ಕೆ ಕಾಯುತ್ತಿದ್ದೆವು.

ಅವಳ ಕೆಲಸ ಸೂರ್ಯನನ್ನು ನೋಡುವುದಲ್ಲ, ಸೂರ್ಯನದಲ್ಲದ್ದನ್ನು ಆರಿಸುವುದು. ಮೊಪೆಡ್ಡು, ಮೋಟಾರು, ಮಿಂಚು, ಕಿಡಿ ಹಾರುವ ಎಲ್ಲದರ ಗಲಾಟೆಯೂ ಆ ತಂತಿಗಳಿಗೆ ಬಂದು ಬೀಳುತ್ತಿತ್ತು. ಕಂಪ್ಯೂಟರಿನ ಪರದೆಯಲ್ಲಿ ಅದು ಬಿಳಿ ಗೀರಾಗಿ ಕಾಣುತ್ತದಂತೆ. ಜೋರಾದ ಗೀರುಗಳನ್ನು ಪ್ರೋಗ್ರಾಮೇ ಹಿಡಿದು ಕೆಟ್ಟದ್ದು ಎಂದು ಗುರುತು ಹಾಕುತ್ತಿತ್ತು. ಉಳಿದದ್ದು ಅಕ್ಕನ ಪಾಲಿಗೆ. "ಅದಕ್ಕೆ ಗಲಾಟೆ ಎಷ್ಟು ಅಂತ ಗೊತ್ತಾಗುತ್ತೆ, ಯಾರದ್ದು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದಳು. ಅದಕ್ಕೇ ಸೈಕಲ್ ಹತ್ತಿ ಸುತ್ತಮುತ್ತ ಹೋಗಿ ವಿಚಾರಿಸುತ್ತಿದ್ದಳು. ಹೊತ್ತು, ಕಾರಣ ಎರಡನ್ನೂ ಕೆಂಪು ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಬರೆದುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಗುರುತು. ರಸ್ತೆಯಲ್ಲಿ ಮೊಪೆಡ್ಡಿನವರನ್ನು ನಿಲ್ಲಿಸಿ, "ಅಣ್ಣಾ, ಇಲ್ಲಿಂದ ಅಲ್ಲೀಗಂಟ ತಳ್ಕೊಂಡ್ ಹೋಗಿ" ಎನ್ನುವಳು. "ಬಂದ್ಲಪ್ಪಾ ಸೂರ್ಯನ ಅತ್ತೆ!" ಎಂದು ಅವರು ಗೊಣಗಿಕೊಂಡೇ ತಳ್ಳುತ್ತಿದ್ದರು.

ಕೆಟ್ಟದ್ದನ್ನು ಅಳಿಸಿಬಿಡುತ್ತೀಯಾ ಎಂದು ಒಮ್ಮೆ ಕೇಳಿದ್ದೆ. "ಅಳಿಸಬಾರದು ಕಣೋ. ಗುರುತು ಹಾಕಿ ಇಟ್ಟಿರ್ಬೇಕು. ನಾಳೆ ನಂದೇ ತಪ್ಪು ಅಂತ ಗೊತ್ತಾದ್ರೆ ಗುರುತು ತೆಗೀಬಹುದಲ್ಲ."

ಆ ಬಯಲಿಗೆ ಹತ್ತಿರದಲ್ಲೇ ನನ್ನ ವೆಲ್ಡಿಂಗ್ ಶೆಡ್ಡಿತ್ತು. ಹನ್ನೊಂದರಿಂದ ಒಂದು ಗಂಟೆಯವರೆಗೆ, ಸೂರ್ಯ ನೆತ್ತಿಗೆ ಬರುವ ಹೊತ್ತಿನಲ್ಲಿ, ವೆಲ್ಡಿಂಗ್ ಮಾಡಬಾರದು ಎಂದು ಸಾಹೇಬರು ಕೇಳಿಕೊಂಡಿದ್ದರು. ನಾನು ಒಪ್ಪಿದ್ದೆ. ಅಕ್ಕ ಪಕ್ಕದಲ್ಲೇ ನಿಂತು, "ನನ್ ತಮ್ಮ ಮಾಡಲ್ಲ ಸಾರ್, ನಾನು ಗ್ಯಾರಂಟಿ" ಎಂದಿದ್ದಳು.

ಒಂದು ವಾರ ವೆಲ್ಡಿಂಗಿಗೆ ಬೇಕಾದ ತ್ರೀಫೇಸ್ ಕರೆಂಟು ಸರಿಯಾಗಿ ಆ ಹೊತ್ತಿಗೇ ಬರತೊಡಗಿತು. ದ್ರಾಕ್ಷಿ ತೋಟದ ಗೌಡರ ಚಪ್ಪರದ ಕಬ್ಬಿಣ ಶೆಡ್ಡಿನಲ್ಲಿ ಅರ್ಧಕ್ಕೆ ಬಿದ್ದಿತ್ತು. ಅವರು ಬಂದು, "ಏನಪ್ಪಾ ಗುರು, ನನ್ ಬಳ್ಳಿ ನಿಮ್ಮಕ್ಕನ ಪರ್ಮಿಷನ್ ತಗೊಂಡು ಹಬ್ಬುತ್ತಾ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಬಾಗಿಲು ಮುಂದೆ ಮಾಡಿಕೊಂಡು ರಾಡು ಹಿಡಿದೆ. ಮೂರು ದಿನ, ಹನ್ನೆರಡೂಕಾಲಿಗೆ, ಐದೈದೇ ನಿಮಿಷ. ಕಿವಿಯೆಲ್ಲ ಸೈಕಲ್ ಬೆಲ್ಲಿನ ಕಡೆ. ಗಮನ ತಪ್ಪಿ ಒಂದು ಕಡೆ ಕಬ್ಬಿಣಕ್ಕೆ ತೂತು ಬಿತ್ತು.

ಮೂರನೆಯ ದಿನ ಬೆಲ್ಲು ಕೇಳಿಸಿತು. ಅಕ್ಕ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇನ್ನೂ ಬಿಸಿಯಿದ್ದ ಕಬ್ಬಿಣಕ್ಕೆ ಅಡ್ಡ ನಿಂತೆ. ಪ್ಯಾಂಟಿನೊಳಗೆ ಮೀನಖಂಡ ಸುಡುತ್ತಿತ್ತು.

"ಲೋ, ಹನ್ನೆರಡೂಕಾಲಿಗೆ ವೆಲ್ಡಿಂಗ್ ಮಾಡಿದ್ಯಾ?"

"ಇಲ್ಲ ಕಣಕ್ಕ. ಬೀಗ ಹಾಕಿದ್ದೆ."

"ಬೈಯಲ್ಲ, ಹೇಳು. ಮಾಡಿದ್ರೆ ಮಾಡ್ದೆ ಅನ್ನು. ಮೂರು ದಿನದ್ದಕ್ಕೂ ಅನುಮಾನಕ್ಕೆ ಗುರುತು ಹಾಕಿದೀನಿ, ಅದು ಹಂಗೇ ಇರುತ್ತೆ, ಅಷ್ಟೇ."

ಅಷ್ಟೇ ಎಂದು ಅವಳೇ ಹೇಳಿದ್ದಳು. ಆದರೂ ನನಗೆ ಅವಳು ಕೊಟ್ಟ ಗ್ಯಾರಂಟಿ ನೆನಪಾಯಿತು, ಖಾಯಮಾತಿಯ ಕಾಗದ ನೆನಪಾಯಿತು. ನಿಜ ಹೇಳಿದರೆ ಅದು ಕೈತಪ್ಪುತ್ತದೆ ಎಂದುಕೊಂಡೆ.

"ಅವ್ವನಾಣೆ ಇಲ್ಲ" ಎಂದೆ.

ಅವಳ ಮುಖ ಅರಳಿಬಿಟ್ಟಿತು. "ಹಂಗಾದ್ರೆ ಅದು ಮೇಲಿಂದ್ಲೇ ಬಂದಿರೋದು!" ಎಂದು ಸೈಕಲ್ ಹತ್ತಿದಳು. ಹೋಗಿ, ಆ ಮೂರು ಗೀರುಗಳಿಗೆ ಹಾಕಿದ್ದ ಗುರುತು ತೆಗೆದಳು.

ಸಾಹೇಬರೂ ಹಿಗ್ಗಿದರಂತೆ. ಸೂರ್ಯ ಹೀಗೆ ಸಿಡಿದದ್ದು ಹೊಸದು ಎಂದು ಬೇರೆ ಊರಿನ ವೀಕ್ಷಣಾಲಯಗಳಿಗೆ ಬರೆದರು. ಉತ್ತರಕ್ಕೆ ಕಾದ ದಿನಗಳಲ್ಲಿ ಅಕ್ಕ ದಿನಾ ಹುಮ್ಮಸ್ಸಿನಿಂದ ಮನೆಗೆ ಬರುತ್ತಿದ್ದಳು. ಅವಳ ಹೆಜ್ಜೆ ಕೇಳಿದರೆ ನಾನು ತಟ್ಟೆ ಬಿಟ್ಟೆದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ತಿಂಗಳು ಕಳೆಯಿತು.

ಒಂದು ದಿನ ಅವಳು ಮಧ್ಯಾಹ್ನವೇ ಸೈಕಲ್ ತಳ್ಳಿಕೊಂಡು ಬಂದಳು. ಉತ್ತರ ಬಂದಿತ್ತು: ಗೀರು ಬಿದ್ದ ಆ ಮೂರು ದಿನ ಬೇರೆ ಯಾವ ಊರಿನ ವೀಕ್ಷಣಾಲಯದವರಿಗೂ ಏನೂ ಕಂಡಿರಲಿಲ್ಲವಂತೆ. ಸಾಹೇಬರು ಎಲ್ಲರೆದುರು ತಲೆ ತಗ್ಗಿಸಬೇಕಾಯಿತಂತೆ.

"ಎಲ್ಲಾರ್ನೂ ಕೇಳಿದ್ದೆ ಸಾರ್ ಅಂದೆ. ಕಂಪ್ಯೂಟರ್ ರೂಮು ಬೇಡ ಅಂದ್ರು. ಸ್ಟೋರಿಗೆ ಹಾಕವ್ರೆ."

"ಖಾಯಂ?"

"ಅದಕ್ಕೆ ಬೇರೆಯವ್ರ ಹೆಸರು ಹೋಯ್ತು."

ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, "ಊಟ ಮಾಡ್ತೀಯಾ ಅಕ್ಕ?" ಎಂಬ ಮಾತು.

ಸ್ಟೋರಿನಲ್ಲಿ ದಿನಗೂಲಿಯಾಗಿಯೇ ಕೆಲವು ವರ್ಷ ಇದ್ದಳು. ಆಮೇಲೆ ಕಾಮಾಲೆ ಬಂತು. ಆಸ್ಪತ್ರೆಯಲ್ಲಿ ಮೂರು ದಿನ ಅವಳ ಮಂಚದ ಪಕ್ಕ ನಾನೊಬ್ಬನೇ ಕೂತಿದ್ದೆ. ಹೇಳಲು ಬೇಕಾದಷ್ಟು ಹೊತ್ತಿತ್ತು. ಅವಳೇ ಮಾತಾಡಿದಳು: "ಕನ್ನಡಕ ಹಾಕ್ಕೊಂಡು ವೆಲ್ಡಿಂಗ್ ಮಾಡೋ, ಕಣ್ಣು ಹೋದಾವು." ನಾನು ಹೂಂ ಎಂದೆ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಅವಳ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕಿತು. ಪ್ರತಿ ಸಾಲಿನಲ್ಲಿ ಹೊತ್ತು, ಅದರ ಮುಂದೆ ಕಾರಣ: ಮೊಪೆಡ್, ಮಿಂಚು, ಹಿಟ್ಟಿನ ಗಿರಣಿ. ಆ ಮೂರು ಸಾಲುಗಳ ಮುಂದೆ ಮಾತ್ರ ಒಂದೇ ಮಾತು: "ತಮ್ಮನನ್ನು ಕೇಳಿದೆ. ಅವನಲ್ಲ."

ಅವಳ ಪೆನ್ಸಿಲಿನಿಂದಲೇ ಪಕ್ಕದಲ್ಲಿ "ಅವನೇ" ಎಂದು ಬರೆದೆ. ಅವಳು ಬರೆದದ್ದನ್ನು ಅಳಿಸಲಿಲ್ಲ. ಪುಸ್ತಕ ತೆಗೆದುಕೊಂಡು ವೀಕ್ಷಣಾಲಯಕ್ಕೆ ಹೋದೆ. ಆ ಸಾಹೇಬರು ಊರು ಬಿಟ್ಟು ಹೋಗಿದ್ದರು. ಹೊಸಬರು ತಿರುವಿ ನೋಡಿ, "ಆ ದಿನಗಳ ಕಂಪ್ಯೂಟರ್ ಟೇಪುಗಳು ಸ್ಟೋರಿನಲ್ಲೇ ಇವೆ, ಈಗ ಯಾರೂ ನೋಡಲ್ಲ ಬಿಡಿ" ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

ಯಾರಾದರೂ ಎಂದಾದರೂ ನೋಡಬಹುದು. ಅವರಿಗಾಗಿ ಬರೆದಿಟ್ಟಿದ್ದೇನೆ. ಆ ಮೂರು ದಿನದ ಹನ್ನೆರಡೂಕಾಲಿನ ಗೀರು ಸೂರ್ಯನದಲ್ಲ, ನನ್ನದು. ಅಕ್ಕ ಮೊದಲು ಹಾಕಿದ್ದ ಗುರುತೇ ಸರಿಯಾಗಿತ್ತು.