ಹಂಸದ ಪರದೆಯ ಹಿಂದೆ

ಕಡೂರಿನಲ್ಲಿ ನನ್ನ ಮಾವನವರ ಫೋಟೋ ಸ್ಟುಡಿಯೋ ಇತ್ತು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಸೊಸೆಯಾಗಿ ಬಂದ ನಾನು ಡಾರ್ಕ್‌ರೂಮಿನ ಕೆಲಸ ಕಲಿತಿದ್ದೆ. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಮಾವ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕೆರೆ, ಹುಲ್ಲಿನ ಕಾವಲು ಎಂದು ಹಕ್ಕಿ, ಪ್ರಾಣಿಗಳನ್ನು ಹುಡುಕಿ ಹೊರಡುತ್ತಿದ್ದರು. ಮಂಡಿನೋವಿನಿಂದ ಬಗ್ಗಿ ಕೂರಲಾಗದಂತಾದ ಮೇಲೆ ನನ್ನನ್ನೂ ಕರೆದೊಯ್ಯತೊಡಗಿದರು. ಅವರು ತೋರಿಸುವುದು, ನಾನು ತೆಗೆಯುವುದು.

ಅತ್ತೆ ಬುತ್ತಿ ಕಟ್ಟುತ್ತಲೇ ಅನ್ನುತ್ತಿದ್ದರು: “ಮದುವೆಗಂಡನ್ನೇ ನಗಿಸಿ ಫೋಟೋ ತೆಗೀಲಾರ್ದೋರು, ಹುಲ್ಲೇನ ನಗಿಸ್ತೀರೇನ್ರೀ?”

“ಹುಲ್ಲೆ ತಾನಾಗೇ ನಗ್ತದೆ ಕಣೇ. ಅದಕ್ಕೇನು ಮನೇಲಿ ಹೆಂಡ್ತಿ ಕಾಟ ಐತಾ?” ಎನ್ನುವರು ಮಾವ.

ನಮ್ಮದು ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡಬೇಕು. ಅದರಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸು ಅದಕ್ಕಿಲ್ಲ. ಪ್ರಾಣಿಯೇ ಹತ್ತಿರ ಬರಬೇಕು. ಹಾಗಾಗಿ ಮರೆ ಬೇಕಿತ್ತು. ಮಾವ ಮರೆಗೆಂದು ತಂದದ್ದು ಸ್ಟುಡಿಯೋದ ಹಳೆಯ ಪರದೆ. ಅದರ ಮೇಲೆ ನೀಲಿ ಸರೋವರ, ಎರಡು ಹಂಸ, ಹಿಂದೆ ಹಿಮದ ಬೆಟ್ಟ. ಚಿತ್ರದ ಮಗ್ಗುಲನ್ನು ಒಳಕ್ಕೆ ಮಾಡೋಣ ಎಂದೆ.

“ಯಾಕೆ? ನೀರು ಕುಡಿಯಾಕೆ ಬರೋ ಪ್ರಾಣಿಗೆ ನೀರು ಕಂಡ್ರೆ ಭಯ ಆಯ್ತದಾ ಮಗಾ?” ಎಂದರು. ಆ ಪರದೆಯ ಮುಂದೆ ಅವರು ಅಷ್ಟು ವರ್ಷ ಜನರನ್ನು ನಿಲ್ಲಿಸಿದ್ದರು. ಅದರ ಮುಂದೆ ಅಂಜಿದವರನ್ನು ಅವರು ಕಂಡಿರಲಿಲ್ಲ. ಹಂಸಗಳ ಕೊರಳುಗಳ ನಡುವೆ ಲೆನ್ಸಿಗೆ ತೂತು ಮಾಡಿದರು.

ಮಳೆಗಾಲ ಮುಗಿದಿತ್ತು. ಎಮ್ಮೆದೊಡ್ಡಿ ಕಾವಲಿನಲ್ಲಿ ಹುಲ್ಲು ಮಂಡಿಯೆತ್ತರ ನಿಂತಿತ್ತು. ದನ ನೀರು ಕುಡಿಯುವ ಗೋಕಟ್ಟೆಯ ಪಕ್ಕ, ಎರಡು ಜಾಲಿಗಿಡಗಳ ನಡುವೆ ಪರದೆ ಕಟ್ಟಿದೆವು. ಅಮೃತಮಹಲ್ ದನ ಕಾಯುವವನೊಬ್ಬ ಬಂದು ನೋಡಿದ.

“ಏನ್ ಸ್ವಾಮೀ, ಇಲ್ಲಿ ಮದುವೆ ಇಟ್ಕೊಂಡೀರಾ? ಗಂಡೆಲ್ಲಿ?”

“ಬತ್ತಾನೆ ಕಣೋ, ಕೊಂಬು ಹೊತ್ಕೊಂಡು.”

ಅವನು ನಕ್ಕ. ದನ ಸಂಜೆಯವರೆಗೆ ದಿಣ್ಣೆ ದಾಟಿ ಬರುವುದಿಲ್ಲ, ಬಂದರೆ ಓಡಬೇಡಿ ಎಂದು ಹೇಳಿ ಹೋದ. ಆ ದನಕ್ಕೆ ಕಾಯುವವನ ಹೊರತು ಬೇರೆ ಮನುಷ್ಯರು ಆಗುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಮಧ್ಯಾಹ್ನ ಕಳೆದ ಮೇಲೆ ಒಂದು ಹೆಣ್ಣು ಕೃಷ್ಣಮೃಗ ಮರಿಯೊಂದಿಗೆ ನೀರಿಗೆ ಬಂತು. ತಾಯಿ ಕುಡಿದು, ಮರಿಯನ್ನು ಹುಲ್ಲಿನ ಪೊದೆಯೊಂದರ ಹತ್ತಿರ ಬಿಟ್ಟಿತು. ಮರಿ ಅಲ್ಲೇ ಮುದುರಿ ಮಲಗಿತು. ತಾಯಿ ಮೇಯುತ್ತಾ ದೂರ ಹೋಯಿತು. ಮರಿ ನಮ್ಮಿಂದ ನಮ್ಮ ಬೀದಿಯ ಅಗಲದಷ್ಟು ದೂರದಲ್ಲಿತ್ತು; ಗೊತ್ತಿಲ್ಲದವರಿಗೆ ಅಲ್ಲಿ ಹುಲ್ಲಷ್ಟೇ ಕಾಣುತ್ತಿತ್ತು.

“ತಾಯಿ ಹಾಲು ಕುಡಿಸಾಕೆ ಬತ್ತದೆ. ಕಾಯಣ,” ಎಂದರು ಮಾವ.

ಮೊದಲು ಬಂದದ್ದು ದನ. ದಿಣ್ಣೆಯ ಮೇಲೆ ಕೊಂಬುಗಳು ಕಂಡವು, ಆಮೇಲೆ ಬೂದು ಬಣ್ಣದ ಮೈಗಳು. ಗಾಳಿಗೆ ಪರದೆ ಉಬ್ಬಿತು. ಸರೋವರ ಅಲುಗಿದ್ದನ್ನು ಅವು ಕಂಡಿರಬೇಕು. ಒಂದು ಬುಸುಗುಟ್ಟಿತು. ಸಾಲಾಗಿ, ಓಡದೆ, ತಲೆ ತಗ್ಗಿಸಿಕೊಂಡು ಪರದೆಯ ಕಡೆಗೇ ನಡೆದು ಬಂದವು. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

ಕಟ್ಟೆಯ ಈಚೆಗೆ ಅವು ನಿಂತಾಗ ಗಾಜಿನ ಎಡ ಅಂಚಿನಲ್ಲಿ ಏನೋ ಸರಿಯಿತು. ಅಂದರೆ ಬಲದಲ್ಲಿ. ಮೂರು ನಾಯಿಗಳು ಮೂಗು ನೆಲಕ್ಕಿಟ್ಟು ಕಟ್ಟೆಯ ಏರಿಯಿಂದ ಇಳಿಯುತ್ತಿದ್ದವು. ಮುಂದಿನದು ತಾಯಿಮೃಗ ನಡೆದ ಜಾಡಿನಲ್ಲೇ ಬಂದು ಪೊದೆಯ ಹತ್ತಿರ ನಿಂತು ಮುಂಗಾಲೆತ್ತಿತು. ಮರಿ ಅಲುಗಲಿಲ್ಲ. ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡಿತ್ತು. ಅಷ್ಟು ನನಗೆ ಕಂಡಿತು.

ನಾನು ಎದ್ದೆ. “ಕೂತ್ಕೋ! ದನ ಹಾಯ್ತವೆ!” ಎಂದು ಮಾವ ಎಳೆದರು. ನಾನು ಕೂಗಿದೆ ಎಂದು ಅವರು ಆಮೇಲೆ ಹೇಳಿದರು. ಕೂಗಿದ ನೆನಪು ನನಗಿಲ್ಲ.

ಕರುವಿದ್ದ ಒಂದು ಹಸು ನಾಯಿಯನ್ನು ನೋಡಿತು. ಪರದೆಯಿಂದ ತಲೆ ತಿರುಗಿಸಿ ನುಗ್ಗಿತು. ಅದರ ಹಿಂದೆ ಮಿಕ್ಕವೆಲ್ಲ. ನೆಲದ ಅದುರು ಮಂಡಿಯೊಳಗೆ ಬಂತು. ಗೊರಸುಗಳು ಪೊದೆಯ ಮೇಲೆಯೇ ಹೋದವು, ಅಥವಾ ನನಗೆ ಹಾಗೆ ಕಂಡಿತು, ಧೂಳು ಎದ್ದಿತ್ತು. ನಾಯಿಗಳು ಕಿರುಚುತ್ತಾ ಏರಿಯಾಚೆ ಬಿದ್ದವು. ಹಸುವೊಂದು ಹಿಂದಿರುಗಿ ಪೊದೆಗೆ ಮೂಗಿಟ್ಟು ಬಹಳ ಹೊತ್ತು ಮೂಸಿತು.

ದನ ಕಾಯುವವನು ಕೂಗುಹಾಕುತ್ತಾ ಓಡಿಬಂದು ಅವನ್ನು ಅಟ್ಟಿದ. “ಜೀವ ಐತೇನ್ರೀ?”

“ನಮ್ದು ಐತೆ. ಮರೀದು ಗೊತ್ತಿಲ್ಲ,” ಎಂದರು ಮಾವ.

ಅವನು ಪೊದೆಯತ್ತ ಹೆಜ್ಜೆಯಿಟ್ಟ. ಮಾವ ತಡೆದರು. ಬದುಕಿದ್ದರೆ ಮನುಷ್ಯರ ವಾಸನೆ ಅಂಟಿ ತಾಯಿ ಬಿಟ್ಟುಬಿಟ್ಟೀತು ಎಂಬುದು ಅವರ ಹೆದರಿಕೆ. “ದನದ ವಾಸನೆ ಆಗಲೇ ಅಂಟೈತಲ್ಲ ಸ್ವಾಮೀ,” ಎಂದ ಅವನು. ಮಾವ ಅಡ್ಡ ಹಿಡಿದ ಕೈ ಇಳಿಸಲಿಲ್ಲ. ಅವನು ದನದ ಹಿಂದೆ ಹೋದ. ನಾವು ಕೂತೆವು. ಕೊನೆಯ ಬಸ್ಸಿನ ಹೊತ್ತು ಮೀರಿತು.

ಹುಲ್ಲು ಕೆಂಪಾಗಿ, ಆಮೇಲೆ ಬೂದಾಗುವಾಗ ತಾಯಿ ಬಂತು. ದನ ತುಳಿದ ಜಾಗದಲ್ಲಿ ನಿಂತು ನೆಲ ಮೂಸಿ, ಕಾಲು ಅಪ್ಪಳಿಸಿ, ಹಿಂದಕ್ಕೆ ನೆಗೆಯಿತು. ಮತ್ತೆ ಬಂತು. ಮತ್ತೆ ಹಿಂದೆ ಸರಿಯಿತು. ಪೊದೆಯಲ್ಲಿ ಚಲನೆಯಿರಲಿಲ್ಲ. ಮಾವನ ಕಣ್ಣಿಗೆ ಅಷ್ಟು ದೂರದ್ದು ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. “ಏನಾಯ್ತು? ಹೇಳು ಮಗಾ,” ಎಂದು ಪಿಸುಗುಟ್ಟುತ್ತಿದ್ದರು. ಏನೂ ಆಗುತ್ತಿಲ್ಲ ಎಂದು ನಾನು ಹೇಳುತ್ತಿದ್ದೆ.

ಆಮೇಲೆ ಹುಲ್ಲು ಅಲುಗಿತು. ನನ್ನ ಗಾಜಿನಲ್ಲಿ ಎರಡು ಕಪ್ಪು ನೆರಳು ಒಂದಾದವು. ಅದು ಹಾಲು ಕುಡಿಯುತ್ತಿತ್ತೋ, ತಾಯಿ ಅದನ್ನು ದೂಡುತ್ತಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ಬೆಳಕು ಸಾಲದೆಂದು ಗೊತ್ತಿದ್ದೂ ಕ್ಯಾಮೆರಾವನ್ನು ಬುತ್ತಿಡಬ್ಬಿಯ ಮೇಲಿಟ್ಟು, ಉಸಿರು ಬಿಗಿಹಿಡಿದು, ಶಟರನ್ನು ಬಹಳ ಹೊತ್ತು ತೆರೆದಿಟ್ಟೆ. ತಲೆಯೆತ್ತಿ ನೋಡುವಷ್ಟರಲ್ಲಿ ಅಲ್ಲಿ ಕತ್ತಲಷ್ಟೇ ಇತ್ತು.

ಮರುದಿನ ಫಿಲ್ಮ್ ತೊಳೆದಾಗ ನೆಗೆಟಿವ್ ಹೊಗೆಯಷ್ಟು ತೆಳ್ಳಗಿತ್ತು. ಆದರೂ ಪ್ರಿಂಟ್ ಹಾಕಿದೆ. ಕೆಂಪು ದೀಪದ ಕೆಳಗೆ, ತಟ್ಟೆಯ ಮದ್ದಿನ ನೀರಿನಲ್ಲಿ, ಮೊದಲು ಹುಲ್ಲು ಮೂಡಿತು, ಆಮೇಲೆ ಒಂದು ಕಪ್ಪು ಆಕಾರ. ಒಂದೇ ಪ್ರಾಣಿ ಎನಿಸಿತು. ಮಾವ ಕನ್ನಡಕವನ್ನು ಹಣೆಗೇರಿಸಿ, ಮುಖವನ್ನು ತಟ್ಟೆಯವರೆಗೂ ತಂದು, ಚಿಮಟದ ತುದಿಯಿಂದ ಒಂದೊಂದೇ ಕಾಲು ಮುಟ್ಟುತ್ತಾ ಎಣಿಸಿದರು.

“ನೋಡಿಲ್ಲಿ,” ಎಂದರು. “ಎಂಟು ಕಾಲು.”