ಕಾಣದ ಮೈಮೂನಾ, ಮರೆತ ಮೇಷ್ಟ್ರು

ಮುಖ ಕಾಣದವರಿಗೆ ನಮಸ್ಕಾರ ಹೇಳುವಾಗ ಎತ್ತ ನೋಡಬೇಕೆಂಬುದು ನನಗೆ ಇನ್ನೂ ತಿಳಿದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಹೆಸರಿನ ಮೊದಲಕ್ಷರ ಹೊತ್ತ ಹನ್ನೊಂದು ಉರುಟು ಬಿಲ್ಲೆಗಳು ಸಾಲಾಗಿ ಕುಳಿತಿರುತ್ತವೆ. ಒಂದಕ್ಕೆ ಕೈಮುಗಿದರೆ ಇನ್ನೊಂದು ‘ನಮಸ್ಕಾರ ಸರ್’ ಎನ್ನುತ್ತದೆ. ಮೂಡುಬಿದಿರೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ನನ್ನನ್ನು, ದೂರಶಿಕ್ಷಣದ ಎಂ.ಎ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿರಿ ಎಂದು ವಿಶ್ವವಿದ್ಯಾಲಯದವರು ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮನೆಯಿಂದಲೇ ಓದುವ ಇವರಿಗೆ ಒಂದು ಭಾನುವಾರ ಹರಟೆ, ಒಂದು ಭಾನುವಾರ ಪ್ರಬಂಧ ರಚನೆ, ಮತ್ತೊಂದು ಭಾನುವಾರ ಉದ್ಯೋಗ ಸಂದರ್ಶನದ ಅಭ್ಯಾಸ. ಜೀವಮಾನದಲ್ಲಿ ಒಂದೇ ಸಂದರ್ಶನ ಎದುರಿಸಿದವನು ನಾನು, ಅದರಲ್ಲಿಯೂ ಕೇಳಿದ್ದು ನನ್ನ ಊರಿನ ಹೆಸರು ಮಾತ್ರ. ಆದರೂ ಗಂಭೀರವಾಗಿ ಉಪದೇಶಿಸುತ್ತೇನೆ.

ಈ ಬಿಲ್ಲೆಗಳಲ್ಲಿ ಅತ್ಯಂತ ಚುರುಕಾದದ್ದು ಪಾಣೆಮಂಗಳೂರಿನ ಮೈಮೂನಾ ಅವರದು. ಮನೆಯವರ ಬಟ್ಟೆ ಅಂಗಡಿ ನೋಡಿಕೊಂಡು ಓದುತ್ತಿದ್ದ ಅವರು ಎಲ್ಲ ಪ್ರಶ್ನೆಗೂ ಉತ್ತರಿಸುವರು, ವೀಡಿಯೊ ಮಾತ್ರ ಒಮ್ಮೆಯೂ ತೆರೆದವರಲ್ಲ. ಪ್ರತಿಯೊಬ್ಬರೂ ಒಂದೊಂದು ವಿಷಯ ಮಂಡಿಸಬೇಕಾದ ಸೆಮಿನಾರಿನಲ್ಲಿ ಮುಖ ತೋರಿಸಿಯೇ ಮಾತಾಡಬೇಕೆಂಬ ನಿಯಮವನ್ನು ನಾನು ತಿಳಿಸಿದ ದಿನ ಅವರಿಂದ ಸಂದೇಶ ಬಂತು: ‘ಸರ್, ನಾನು ಎಂ.ಎ. ಬಿಡ್ತೇನೆ.’

ಮನೆಯವರ ವಿರೋಧವೆಂದು ನಾನೇ ತೀರ್ಮಾನಿಸಿ, ಬರುತ್ತೇನೆಂದು ತಿಳಿಸಿ, ಸಿದ್ಧಕಟ್ಟೆ ದಾರಿಯಾಗಿ ಪಾಣೆಮಂಗಳೂರಿನತ್ತ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸ್ತ್ರೀಶಿಕ್ಷಣದ ಮೇಲೆ ಸಾಲಂಕೃತವಾದ ಭಾಷಣವೊಂದನ್ನು ಸಿದ್ಧಪಡಿಸಿಕೊಂಡೆ. ಅವರ ಅತ್ತೆ ಬಾಗಿಲಲ್ಲೇ ಅದನ್ನು ನಿರುಪಯುಕ್ತಗೊಳಿಸಿದರು. “ಬನ್ನಿ ಮಾಸ್ಟ್ರೇ. ನೀವಾದ್ರೂ ಇವಳಿಗೆ ಸ್ವಲ್ಪ ಹೇಳಿ. ನಾವು ಓದು ಅಂತೇವೆ, ಇವಳು ಬಿಡ್ತೇನೆ ಅಂತಾಳೆ.”

ಮೈಮೂನಾ ನನಗೂ ಅತ್ತೆಗೂ ಲಿಂಬೆ ಶರಬತ್ತು ತಂದಿಟ್ಟು, ನೆಲ ನೋಡುತ್ತ ನಿಂತರು. ನಲವತ್ತು ದಾಟಿದ, ಸೌಮ್ಯ ಮುಖದ ಹೆಂಗಸು. “ಗುರ್ತ ಸಿಕ್ಕಿತಲ್ಲ ಸರ್? ಇದಕ್ಕೇ ನಾನು ವೀಡಿಯೊ ಹಾಕ್ಲಿಲ್ಲ.”

ಗುರುತು ಲವಲೇಶವೂ ಸಿಕ್ಕಿರಲಿಲ್ಲ. ಆದರೂ ತಲೆ ಅಲ್ಲಾಡಿಸಿದೆ.

“ಡಿಗ್ರಿ ಎರಡನೇ ವರ್ಷದಲ್ಲಿ ನಿಮ್ಮ ಕ್ಲಾಸಲ್ಲಿದ್ದೆ. ನಮ್ಮ ಬ್ಯಾರಿ ಜನರ ಮದುವೆ ಹಾಡುಗಳ ಬಗ್ಗೆ ನಾನು ಮಾತಾಡ್ಬೇಕು ಅಂತ ಕಾಲೇಜಿನ ಸೆಮಿನಾರಿಗೆ ನೀವೇ ಹೆಸರು ಕೊಟ್ಟದ್ದು. ನಾಳೆ ಬರ್ತೇನೆ ಅಂತ ಹೇಳಿ ಹೋದೆ. ಮರುದಿನ ನನ್ನದೇ ಮದುವೆ ಇತ್ತು ಸರ್. ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ.” ಆಮೇಲೆ ಕಾಲೇಜಿಗೆ ಹೋಗಲಿಲ್ಲವಂತೆ, ಎಷ್ಟೋ ವರ್ಷಗಳ ನಂತರ ಮನೆಯಲ್ಲೇ ಓದಿ ಡಿಗ್ರಿ ಮುಗಿಸಿದರಂತೆ. ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ನನ್ನನ್ನು ಕಂಡು ಅಡಗಿದ್ದರಂತೆ. “ನಿಮಗೆ ಕೋಪ ಹೋಗಿದ್ಯಾ ಸರ್?”

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಕ್ಷಮಿಸಿದೆ ಎನ್ನೋಣವೆಂದರೆ ನನ್ನಲ್ಲಿ ಕೋಪವೇ ಇರಲಿಲ್ಲ. ಮರೆತೆ ಎನ್ನೋಣವೆಂದರೆ, ಒಬ್ಬರು ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡ ಅಳುಕನ್ನು ಅವರ ಕಣ್ಣೆದುರೇ ಕಸಕ್ಕೆ ಎಸೆದಂತೆ. ನನ್ನ ಲೋಟ ಬರಿದು ಮಾಡಿ, ಗಮನವಿಲ್ಲದೆ ಅತ್ತೆಯ ಲೋಟವನ್ನೂ ಕುಡಿದೆ. ಕೊನೆಗೆ, “ಮೈಮೂನಾ, ನನಗೆ ನೆನಪೇ ಇಲ್ಲ” ಎಂದೆ.

“ಏನೂ ಇಲ್ವಾ ಸರ್?”

“ಏನೂ ಇಲ್ಲ. ನಿಮ್ಮ ಮುಖವೂ ಇಲ್ಲ.”

ಆ ಮುಖದಲ್ಲಿ ಸಮಾಧಾನ ಮೂಡಿತು, ಜೊತೆಗೆ ಚೂರು ನೋವೂ. ಯಾವುದು ಹೆಚ್ಚೆಂದು ನನಗೆ ಇಂದಿಗೂ ತಿಳಿಯದು. ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ, “ಮಾಸ್ಟ್ರಿಗೆ ಮರ್ತೇ ಹೋಗಿದೆ. ಇನ್ನು ನೀನು ಮಾತಾಡಿದ್ರೆ ಆಯ್ತಲ್ಲ” ಎಂದರು.

ಮುಂದಿನ ಭಾನುವಾರದ ಸೆಮಿನಾರಿನಲ್ಲಿ ವೀಡಿಯೊ ತೆರೆಯಿತು. ಮೈಮೂನಾ ಅದೇ ಮದುವೆ ಹಾಡುಗಳ ಬಗ್ಗೆ ಮಾತಾಡಿದರು. ಮೊದಲು ಬರೆದುಕೊಂಡದ್ದನ್ನು ನೋಡುತ್ತ, ಆಮೇಲೆ ನಮ್ಮನ್ನೆಲ್ಲ ಮರೆತು. ಅತ್ತೆ ಪಕ್ಕದಿಂದ ಇಣುಕಿ ಒಂದು ಸಾಲನ್ನು ತಿದ್ದಿ, ಹಾಡಿಯೂ ತೋರಿಸಿದರು. ಎಲ್ಲ ಮುಗಿದ ಮೇಲೆ ಮೈಮೂನಾ ನೇರವಾಗಿ ನನ್ನನ್ನೇ ನೋಡಿ, “ಸರ್, ಈಗಲಾದ್ರೂ ನೆನಪಾಯ್ತಾ?” ಎಂದು ಕೇಳಿದರು.

“ಇಲ್ಲ” ಎಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಮೈಮೂನಾ. ತರಗತಿ ಮುಗಿಸುವ ಗುಂಡಿ ನನ್ನ ಬೆರಳ ಕೆಳಗೇ ಇತ್ತು. ಅವರು ನಕ್ಕು ಮುಗಿಸುವ ತನಕ ನಾನು ಅದನ್ನು ಒತ್ತಲಿಲ್ಲ.